ಒಳಬಿಳಿ

ನೋಡುವುದು ಇಸುರುಗಿಯವರ ಕೆಲಸ, ಬರೆಯುವುದು ನನ್ನದು.
ಕಿಸೊ ನದಿಯ ದಂಡೆ, ಅಕ್ಟೋಬರಿನ ಬೆಳಗು,
ಹಗ್ಗ ಕಟ್ಟಿದ ಚೌಕದೊಳಗೆ ಹನ್ನೊಂದು ಶಿಬಾ ನಾಯಿಗಳು
ಬಾಲ ಸುರುಳಿ, ಕಿವಿ ನೆಟ್ಟಗೆ, ಒಂದೂ ಬೊಗಳುತ್ತಿಲ್ಲ.
ಅವರು ಮಂಡಿಯೂರಿ ಕೂದಲನ್ನು ಎದುರು ತೀಡಿ ಹೇಳುತ್ತಾರೆ:

ಐದನೆಯದು. ಎಳ್ಳುಬಣ್ಣ ಅಂತ ಬರೆಸಿದ್ದಾರೆ. ಅಲ್ಲ.
ಎಳ್ಳೆಂದರೆ ಕೆಂಪಿನ ಮೇಲೆ ಕರಿತುದಿ
ಮೈತುಂಬ ಉದುರಿರಬೇಕು.
ಇದು ಹೆಗಲ ಮೇಲೊಂದೇ ಕಡೆ, ಡಬ್ಬಿ ಕೈಜಾರಿದ ಹಾಗೆ.

ಬರೆದೆ: ಎಳ್ಳಲ್ಲ.
ಒಡೆಯ ವಾಕುಯಿ ಎಳ್ಳಷ್ಟೂ ಮುಖ ಕದಲಿಸಲಿಲ್ಲ.

ಒಂಬತ್ತನೆಯದು, ತೊಚಿ. ಕೆಂಪು, ಹದವಾದ ಕೆಂಪು.
ಕೆನ್ನೆ, ಕೊರಳು, ಹೊಟ್ಟೆ, ಬಾಲದಡಿ,
ಒಳಬಿಳಿ ಇರಬೇಕಾದಲ್ಲೆಲ್ಲ ಇದೆ.
ಆದರೆ ಬಿಳಿಯಲ್ಲ. ಹಳೆಯ ಬೆಣ್ಣೆ.

ಕುರೆಬಾಯಾಶಿ ತಲೆಯೆತ್ತಿದ.
ತೊಫು ಮಾಡುವವನು. ನಸುಕಿನ ಮೂರಕ್ಕೆದ್ದು
ಮೊಣಕೈವರೆಗೆ ಬಿಳಿಯಲ್ಲಿ ಮುಳುಗುವವನು.
ಏನೋ ಹೇಳಹೊರಟು, ಬಾಗಿ ವಂದಿಸಿ
ಬಾರು ಸಡಿಲಿಸಿದ. ನಾಲ್ಕನೆಯ ಸ್ಥಾನ.

ಡಿಸೆಂಬರಿನಲ್ಲಿ ಇಸುರುಗಿಯವರ ಕಣ್ಣಿನ ಪೊರೆ ತೆಗೆದರು,
ಮೊದಲು ಎಡ, ವಾರ ಬಿಟ್ಟು ಬಲ.
ಫೋನು ಬಂತು:
ನಮ್ಮ ಅಡುಗೆಮನೆ ಗೋಡೆ ಬಿಳಿ ಕಣೋ. ನಿನಗೆ ಗೊತ್ತಿತ್ತೇ?
ಕೆನೆಬಣ್ಣ ಅಂದುಕೊಂಡು ಎಷ್ಟು ವರ್ಷ ಅನ್ನ ಬೇಯಿಸಿದೆ.
ಆಮೇಲೆ ಬರೀ ಉಸಿರು.
ಒಂಬತ್ತನೆಯದರ ಹಾಳೆ ಇಟ್ಟಿದ್ದೀಯಾ?

ಕಾಮಾಲೆಯಾಗಿದ್ದರೆ ಕಂಡವರಾದರೂ ಹೇಳುತ್ತಿದ್ದರು.
ಇದು ದಿನಕ್ಕೊಂದು ಹನಿಯಂತೆ ಒಳಗಿನಿಂದ ಇಳಿದ ಹಳದಿ.

ಹಿಮ ಬಿದ್ದ ಬೀದಿ. ತೊಫು ಅಂಗಡಿಯ ಬಾಗಿಲಲ್ಲಿ ಹಬೆ.
ಚಳಿಗಾಲದ ದಟ್ಟ ತುಪ್ಪಳ ಹೊತ್ತು ತೊಚಿ ಹೊರಬಂತು,
ನಮ್ಮಿಬ್ಬರ ಬೂಟು ಮೂಸಿತು.
ಅವರು ಹಿಮದಲ್ಲೇ ಮಂಡಿಯೂರಿ ಎದೆಗೂದಲು ತೀಡಿದರು.
ಅಭ್ಯಾಸಬಲ, ನಾನು ಪೆನ್ನು ತೆಗೆದೆ.

ಹೇಳಲೇ ಇಲ್ಲ.
ಹಿಮದ ಪಕ್ಕ ಯಾವುದೂ ಬಿಳಿಯಲ್ಲ,
ನಾಯಿಯ ಎದೆಯೂ, ಕುರೆಬಾಯಾಶಿಯ ಏಪ್ರನ್ನೂ,
ಬಗ್ಗಿದ ಅವರ ನರೆತ ಬೈತಲೆಯೂ.

ಇವತ್ತಿನ ತೊಫು ತುಸು ಹಳದಿ, ಎಂದ ಅವನು,
ಹೊಸ ಸೋಯಾ ಕಾಳು, ಹಾಗೇ ಬರುತ್ತದೆ.
ನೀರು ತುಂಬಿದ ಚೀಲದಲ್ಲಿ ಎರಡು ತುಂಡು ಕೊಟ್ಟ,
ದುಡ್ಡು ಮುಟ್ಟಲಿಲ್ಲ.

ಬಸ್ಸಿನಲ್ಲಿ, ಅವರ ಕಪ್ಪು ಕೋಟಿನ ತೋಳಿಗೆ ಒಂದು ಕೂದಲು.
ಚಿವುಟಿ ತೆಗೆದು ಕಿಟಕಿಗೆ ಹಿಡಿದರು.
ಸುರಂಗ ಬಂತು, ಹೋಯಿತು. ಇನ್ನೂ ಹಿಡಿದೇ ಇದ್ದರು.
ನನ್ನ ತೊಡೆಯ ಮೇಲೆ ಹಾಳೆ.
"ಹಳೆಯ ಬೆಣ್ಣೆ", ನನ್ನದೇ ಅಕ್ಷರ.
ಹೊಡೆದುಹಾಕು ಅಂತ ಅವರು ಹೇಳಲಿಲ್ಲ.
ಚೀಲದ ನೀರು ಮಾತ್ರ ತುಳುಕುತ್ತಿತ್ತು.