ಬಿಳಿಯಂಚು

ಅಡುಗೆಮನೆ ಕಿಟಕಿಯೆದುರು
ವರ್ಷವಿಡೀ ಬಣ್ಣವಿರಲಿ ಎಂದವಳು ನಾನು.
ಥರ್ಮನ್‌ಗೆ ಕೆಂಪೂ ಹಸಿರೂ
ಹುಟ್ಟಿದಂದಿನಿಂದ ಒಂದೇ ಮಡಕೆಯ ಕೆಸರು.
ಚೌಕದ ದೀಪ ಮೇಲಿನದೋ ಕೆಳಗಿನದೋ ನೋಡಿ
ಟ್ರಕ್ಕು ನಿಲ್ಲಿಸುವ ಮನುಷ್ಯ.

ಮೆಕ್‌ಮಿನ್‌ವಿಲ್ ದಾಟಿದ ಮೇಲೆ ನರ್ಸರಿ. ಲವಾಡಾ ಪ್ರೂಯಿಟ್
ಸೊಂಟದೆತ್ತರದ ಡಾಗ್‌ವುಡ್ ತೋರಿಸಿದಳು,
ಎಲೆಎಲೆಗೂ ಕೆನೆ ಸವರಿದ ಅಂಚು.
ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನದ್ದು ಸುಡುತ್ತೆ.
ಆಳಕ್ಕೆ ಹೂಳಬೇಡ. ಪೈನ್ ತೊಗಟೆ ಹಾಸು,
ಕಾಂಡಕ್ಕೆ ತಾಗಿಸಬೇಡ.
ದುಡ್ಡು ಎಣಿಸುತ್ತ ಥರ್ಮನ್ ಅಂದ:
ಎಲೆಗೇನೋ ರೋಗ.

ಮೂರು ವರ್ಷ ಬರೀ ಎಲೆ.
ನಾಲ್ಕನೆಯ ಏಪ್ರಿಲ್, ನಾಲ್ಕು ಬಿಳಿ ದಳ,
ತುದಿಯಲ್ಲಿ ಇಲಿ ಕಚ್ಚಿದ ಹಾಗೆ ಗುರುತು.
ಹೂವು! ಎಂದು ಫೋನಿನಲ್ಲಿ ಕೂಗಿದೆ.
ಅದು ಹೂವಲ್ಲ, ಹೊದಿಕೆ, ಎಂದಳು ಲವಾಡಾ,
ನಡುವೆ ಸಾಸಿವೆಯಂಥ ಹಸಿರು ಗುಂಪಿದೆಯಲ್ಲ, ಅದು.
ಅಲ್ಲಿಯವರೆಗೆ ನಾನು ಸೆರಗನ್ನೇ ಹೊಗಳುತ್ತಿದ್ದೆ.

ಅಕ್ಟೋಬರಿನಲ್ಲಿ ಎಲೆ ದ್ರಾಕ್ಷಾರಸವಾಯಿತು, ಅಂಚು ಗುಲಾಬಿ.
ಕೈ ಹಿಡಿದು ಕರೆತಂದು ವರ್ಣಿಸಿದೆ.
ಪರಭಾಷೆಯ ಪ್ರಾರ್ಥನೆಗೆ ತಲೆಯಾಡಿಸುವಂತೆ
ತಲೆಯಾಡಿಸಿದ, ಪಾಪ.
ಆಮೇಲೆ ಒಮ್ಮೆಲೇ: ಅಲ್ಲೊಂದು ಹಣ್ಣಿದೆ.

ತಾಯಿಯ ಸ್ಟ್ರಾಬೆರಿ ಪಾತಿಯಲ್ಲಿ
ಕೈಯಿಂದ ತಡಕಿ ಹಣ್ಣು ಹುಡುಕುತ್ತಿದ್ದ ಹುಡುಗ ಅವನು.
ತಿಳಿ ಅಂಚಿನ ಮುಂದೆ ಹಣ್ಣು ಎದ್ದು ನಿಂತಿತ್ತು.
ಕಪ್ಪಗಿದೆ, ಎಂದ.
ಕೆಂಪು ಎಂದು ನಾನು ತಿದ್ದಲಿಲ್ಲ.
ಹಕ್ಕಿಗಳು ಮೂರು ದಿನದಲ್ಲಿ ಮುಗಿಸಿದವು.

ಚಳಿಗಾಲ ನಮ್ಮಿಬ್ಬರಿಗೂ ಸಮ:
ಉಡದ ಬೆನ್ನಿನ ತೊಗಟೆ, ಕೊಂಬೆ ತುದಿಯಲ್ಲಿ
ಬೂದು ಗುಂಡಿಗಳು, ಹಿಮದ ಮೇಲೆ ನೆರಳು.

ಆರನೆಯ ಜೂನ್. ಬೂಟು ಒರೆಸದೆ ಒಳಬಂದ.
ನಿನ್ನ ಮರಕ್ಕೆ ಏನೋ ಮರೆತುಹೋಗಿದೆ.
ಹೋಗಿ ನೋಡಿದೆ, ಸುತ್ತ ನೋಡಿದೆ,
ಹಸಿರಿನೊಳಗೆ ಹಸಿರು, ನನಗೇನೂ ಕಾಣಲಿಲ್ಲ.
ಅವನ ಬೆರಳು ನೇರ ಹೋಯಿತು:
ಅಂಚಿಲ್ಲದ ಒಂದು ಚಿಗುರು,
ದಷ್ಟಪುಷ್ಟ, ಉಳಿದವಕ್ಕಿಂತ ಗೇಣು ಉದ್ದ.

ಹೇಳಿದ್ದಳು ಲವಾಡಾ, ಆಗ ಕಿವಿಗೆ ಹಾಕಿಕೊಂಡಿರಲಿಲ್ಲ:
ಇದು ಅಜ್ಜಿಯ ಕಡೆಗೆ ತಿರುಗುತ್ತೆ ಆಗಾಗ. ಬಿಟ್ಟರೆ
ಇಡೀ ಮರವನ್ನೇ ನುಂಗುತ್ತೆ.
ಮರದಲ್ಲೇ ಆರೋಗ್ಯವಾಗಿದ್ದ ಕೊಂಬೆ ಅದು.
ನನ್ನ ಕೈ ಏಳಲಿಲ್ಲ. ಅವನು ಕತ್ತರಿಸಿದ,
ಎಲುಬು ಮುರಿದ ಹಾಗೆ ಚಿಕ್ಕ ಸದ್ದು.

ಈಗ ಪ್ರತಿ ಜೂನಿನಲ್ಲೂ, ಕಾಫಿಗೂ ಮುಂಚೆ,
ಕತ್ತರಿ ಜೇಬಿಗಿಟ್ಟು ಮರವನ್ನು ಸುತ್ತುತ್ತಾನೆ.
ಸಿಕ್ಕಿತಾ? ಎಂದು ಕಿಟಕಿಯಿಂದ ಕೇಳುತ್ತೇನೆ.
ಬಣ್ಣದ ಬಗ್ಗೆ ನನ್ನನ್ನೇನು ಕೇಳುತ್ತೀ, ಎನ್ನುತ್ತಾನೆ,
ಎರಡು ಕಡ್ಡಿ ಎತ್ತಿ ಹಿಡಿದು.