ಚೌಕ ಕುತ್ತಿಗಿ

ಹಳೇ ಹಿತ್ತಾಳಿ ನಳಕ್ಕ ಕುತ್ತಿಗಿ ಚೌಕ ಇರತೈತಿ,
ಮ್ಯಾಲಿಂದ ಕಾಣಸೂದಿಲ್ಲ.
ಬೇಸಿನ್ನಿನ ಕೆಳಗ ಅಂಗಾತ ಮಲಗಿ
ಕಣ್ಣಾಗ ತುಕ್ಕಿನ ನೀರು ಬೀಳಿಸಿಕೊಂಡವಗಷ್ಟ ಗೊತ್ತು.
ತಿರುವೂದು ಕೈಯ ಕೆಲಸ,
ಕೈಯ ಜೋಡಿ ನಳಾನೂ ತಿರುಗಬಾರದಂತ
ಯಾವನೋ ಶಾಣ್ಯಾ ಅದಕ್ಕ ನಾಕು ಮೂಲಿ ಕೊಟ್ಟಾನ.

ಈಗಿನ ಬೇಸಿನ್ನಿಗೆ ತೂತು ಒಂದ,
ನಟ್ಟನಡುವ, ದುಂಡಗ.
ಲೋಹಾರ್ ಚಾಳಿನ ಅಂಗಡಿಯವ ಅಂದ:
‘ಹಳೇದು ತಕ್ಕಡ್ಯಾಗ ಹಾಕು, ಹೊಸಾದು ಒಯ್ಯಿ.’

ಗ್ರ್ಯಾಂಟ್ ರೋಡಿನ ಕೂಮಿಬಾಯಿ ತಕ್ಕಡಿಗೆ ಒಲ್ಲರು.
ಎರಡು ನಳ, ಹಳೇ ಬನಿಯನ್ನಿನಾಗ ಸುತ್ತಿದ್ದು,
ಟೇಬಲ್ ಮ್ಯಾಲೆ ತಂದು ಇಟ್ಟರು.
ತೆಲಿಗೆ ಬಿಳೀ ಪಿಂಗಾಣಿ ಬಿಲ್ಲೆ,
ಒಂದರಾಗ ಎಚ್, ಒಂದರಾಗ ಸಿ.
‘ಬಿಸಿ, ತಣ್ಣಗ,’ ಅಂದೆ, ಭಾಳ ತಿಳದವರಂಗ.
‘ಅಲ್ಲ ಡೀಕ್ರಾ. ಎಚ್ ಅಂದರ ಹೋಮಿ, ಸಿ ಅಂದರ ಕೂಮಿ.
ಅಣ್ಣಂದು ನಾ ಮುಟ್ಟಂಗಿಲ್ಲ, ನಂದು ಅವ ಮುಟ್ಟಂಗಿಲ್ಲ.
ಜಗಳ ಬ್ಯಾಡಂತ ನಮ್ಮಪ್ಪ ಮಾಡಿದ ಕಾನೂನು.’

ಎರಡು ತೂತಿನ ಬೇಸಿನ್ ಹುಡುಕಿ ತಂದೆ.
ಎರಡೂ ದುಂಡಗ.
ಸುತಳಿ ಸುತ್ತಿದೆ, ಸಫೇದಾ ಮೆತ್ತಿದೆ,
ಸೀಸದ ತಗಡು ಕತ್ತರಿಸಿ ಸಂದಿಗೆ ಸಂದಿ ತುಂಬಿದೆ.
ಮೂರನೇ ದಿನಕ್ಕ ಫೋನು:
ಕೂಮಿ ಗ್ವಾಡಿ ಕಡೆ ಮಾರಿ ತಿರುವಿ
ಸಿಟ್ಟಾದ ಹುಡುಗಿಯಂಗ ನಿಂತಿತ್ತು.

ತೂತನ್ನ ಚೌಕ ಮಾಡೂದಂತ ಅರ ತಗೊಂಡೆ.
ಟಿಣ್ ಅಂತು ಪಿಂಗಾಣಿ,
ಮೆತ್ತಗ, ತಾಟಿಗೆ ಚಮಚ ಬಡದಂಗ.
ತೂತಿನಿಂದ ಅಂಚಿನ ತನಕ ಕೂದಲೆಳಿ ಸೀಳು.
ನನ್ನ ಎರಡು ದಿನದ ಪಗಾರ ಅದರಾಗಿಂದ ಸೋರಿ ಹೋತು.

ಓಶಿವರಾದ ಭಂಗಾರ ಗಲ್ಲಿ.
ಕೆಡವಿದ ಮನಿಗಳ ಬೇಸಿನ್ನು ಬೋರಲು ಬಿದ್ದಿದ್ದವು,
ಒಂದು ಮಾತ್ರ ಅಂಗಾತ, ಅದರಾಗ ಆಡು ನೀರು ಕುಡೀತಿತ್ತು.
ನಾ ಕಣ್ಣಿಲೆ ನೋಡಲಿಲ್ಲ, ಬಟ್ಟು ಹಾಕಿ ನೋಡಿದೆ:
ದುಂಡು, ದುಂಡು, ಅರ್ಧಚಂದ್ರ,
ಎಂಟು ಮೂಲಿ (ಇದಕ್ಕ ಎಂಥಾ ನಳ ಇತ್ತೋ, ದೇವರ ಬಲ್ಲ),
ದುಂಡು, ಮತ್ತ ಚೌಕ!
ಅದರ ಜೋಡಿ ತೂತೂ ಚೌಕನ, ಆದರ ಹುಟ್ಟಾ ಚೌಕ ಅಲ್ಲ.
ದುಂಡಗಿದ್ದದ್ದು, ಯಾರೋ ತಿಕ್ಕಿ ಮೂಲಿ ತಗದಿದ್ದರು.

ಗೀರೆಲ್ಲಾ ಎಡಕ್ಕ ವಾಲಿದ್ದವು.

ಚಡಚಣದ ಗುಡುಸಾಬ ಮೇಸ್ತ್ರಿ ಎಡಚ.
ಹದಿನಾಕು ವರ್ಷದ ನನ್ನ ತೆಲಿಗೆ ಪಾನಾದಿಂದ ಮೊಟಕಿ
ಹೇಳಿದ್ದ: ‘ಒಣಾ ತಿಕ್ಕಬ್ಯಾಡೋ, ನೀರು ಬಿಡು.
ಮುಂದ ಹೋಗೂವಾಗ ಒತ್ತು,
ಹಿಂದ ಬರೂವಾಗ ಎತ್ತು.
ಹಿಂದ ಬರೂವಾಗ ಒತ್ತಿದರ ಎಲ್ಲಾ ಒಡೀತೈತಿ.’
ಹೇಳಿದ್ದ. ನಾ ಮರತಿದ್ದೆ.

ಬ್ಯಾರೆ ಯಾವನಾರ ಎಡಚ ಇರಬಹುದು.
ಬೊಂಬಾಯಿ ದೊಡ್ಡದು.
ಆದರೂ ಆ ಮೂಲ್ಯಾಗ ಹೆಬ್ಬಟ್ಟು ಇಟ್ಟು
ಸ್ವಲ್ಪ ಹೊತ್ತು ಹಂಗ ಕುಂತೆ.
ನಳದ ಪಾದ ಕುಂತರ ಮುಚ್ಚಿ ಹೋಗೂ ಜಾಗಾ ಅದು,
ಮಾಲಕರು ನೋಡೂದಿಲ್ಲ, ಸಾಬಣಿ ಮುಟ್ಟೂದಿಲ್ಲ.
ಅಲ್ಲಿ ಅಷ್ಟು ನುಣ್ಣಗ!
ಭಂಗಾರದವ ಒಂಬತ್ತು ನೂರು ಅಂದ.
ಚೌಕದ ಸಲುವಾಗಿ ಚೌಕಾಶಿ ಮಾಡಲಿಲ್ಲ.
ಕಮ್ಮಿ ಹೇಳಿದೆನೇನೋ ಅಂತ
ಅವ ನನ್ನ ಮಾರಿ, ಬೇಸಿನ್ನಿನ ಮಾರಿ ನೋಡಿದ.

ಸಂಜೀಕ ಕೂಡಿಸಿದೆ.
ಕೂಮಿ ಹುಟ್ಟಾ ಚೌಕದಾಗ,
ಹೋಮಿ ತಿಕ್ಕಿದ ಚೌಕದಾಗ.
ಸುತಳಿ ಬೇಕಾಗಲಿಲ್ಲ.
‘ಬಾಯಿ, ಬಿಸಿನೀರಿನ ಪೈಪ್ ಇಲ್ಲ, ಎಚ್ಚಿಗೆ ಏನು ಕೂಡಿಸಲಿ?’
‘ತಣ್ಣೀರ ಬಿಡು. ಅವಗ ಬಿಸಿ ಎಂದೂ ಸೇರತಿದ್ದಿಲ್ಲ.’

ತಮ್ಮ ನಳ ತಾವ ತಿರುವಿದರು.
ಮಾರಿ ತೊಳಕೊಂಡರು, ಸೆರಗಿಲ್ಲ,
ಗೌನಿನ ತೋಳಿಗೆ ಒರಸಿಕೊಂಡರು.
ಇನ್ನೊಂದರ ಕಡೆ ಗದ್ದ ತೋರಿಸಿ
‘ಅದನ್ನ ನೀನ ತಿರುವು,’ ಅಂದರು,
‘ನಾ ಮುಟ್ಟಂಗಿಲ್ಲ.’

ತಿರುವಿದೆ.
ಎರಡು ಸಲ ಕೆಮ್ಮಿತು, ಕೆಂಪಗ ಉಗುಳಿತು,
ಆಮ್ಯಾಲೆ ಬೆಳ್ಳಗ ಬಂತು ನೀರು.
ನಳ ಅಲುಗಲಿಲ್ಲ.