ಅಲ್ಯುಮಿನಿಯಂ ಅಂದವಳು

ಮ್ಯೂರಿಯಲ್ ಆಂಟಿಯ ತಂಗಿ ಲೆಸ್ಟರಿನಿಂದ
ವರ್ಷಕ್ಕೊಂದು ಪಾರ್ಸಲ್ಲು ಕಳಿಸುತ್ತಿದ್ದಳು:
ಎರಡು ಸ್ವೆಟರು, ಒಂದು ಡಬ್ಬ ಬಿಸ್ಕತ್ತು,
ಬಿಸ್ಕತ್ತಿನ ಅಡಿಗೆ ಟವೆಲಿನಲ್ಲಿ ಸುತ್ತಿದ
ವೀಡಿಯೊ ಕ್ಯಾಸೆಟ್ಟು.
ಉರಿಗಾಂ ಕ್ವಾರ್ಟರ್ಸಿನ ನಮ್ಮ ಸಾಲಿಗೆಲ್ಲ
ಅದೊಂದೇ ವೀಡಿಯೊ ಪ್ಲೇಯರು.
ಶನಿವಾರ ರಾತ್ರಿ ಚಪ್ಪಲಿ ಹೊರಗೆ ಬಿಟ್ಟು
ಕೆಂಪು ಸಿಮೆಂಟಿನ ಮೇಲೆ ಕೂರುತ್ತಿದ್ದೆವು.
ಇಂಗ್ಲೆಂಡು ಅಂದರೆ ಆಗ ನನಗೆ
ರಾಣಿಯಲ್ಲ, ಗಡಿಯಾರದ ಗೋಪುರವಲ್ಲ,
ಅಗಲ ಟೈ ಕಟ್ಟಿದ ಒಬ್ಬ ಗಂಡಸು
ಹಲ್ಲೆಲ್ಲ ತೋರಿಸಿ ಪ್ರಶ್ನೆ ಕೇಳುವ ಊರು.

ಉತ್ತರ ಸರಿಯಾದರೆ ಬೆಲ್ಲು. ತಪ್ಪಾದರೆ
ಕೋಣ ಕೆಮ್ಮಿದ ಹಾಗೆ ಒಂದು ಸದ್ದು.
ಗೆದ್ದವರಿಗೆ ಪರದೆ ಸರಿಯುತ್ತಿತ್ತು:
ಟೋಸ್ಟರು. ಇಸ್ತ್ರಿಪೆಟ್ಟಿಗೆ. ಆರು ಚಮಚದ ಸೆಟ್ಟು.
ಒಮ್ಮೆ, ದೇವರಾಣೆ, ಹುಲ್ಲು ಕತ್ತರಿಸುವ ಯಂತ್ರ.
'ಅಯ್ಯೋ, ಅವರ ಊರಲ್ಲಿ ಮೇಕೆ ಇಲ್ಲವಾ?'
ಅಂದಳು ಪಕ್ಕದ ಮನೆಯ ಸೆಂಗಮ್ಮಜ್ಜಿ.

ನಾವು ಕೂತ ನೆಲದ ಕೆಳಗೆ, ಕೆಳಗೆ, ಇನ್ನೂ ಕೆಳಗೆ,
ಆ ಹೊತ್ತಿಗೂ ಯಾರೋ ಬಂಡೆ ಕೊರೆಯುತ್ತಿದ್ದರು.
ಒಮ್ಮೊಮ್ಮೆ ಒಳಗೆಲ್ಲೋ ಕಲ್ಲು ಸಿಡಿದು
ಮನೆ ನಡುಗಿ, ಟಿ.ವಿ. ಮೇಲಿನ ಮೇರಿಮಾತೆ
ಒಂದಿಂಚು ಪಕ್ಕಕ್ಕೆ ಜರುಗುತ್ತಿದ್ದಳು.
ಆಂಟಿ ಎದ್ದು ಮಾತೆಯನ್ನು ಸರಿಮಾಡಿ
ಕಿಟಕಿಗೆ ಕಿವಿಗೊಟ್ಟು ನಿಲ್ಲುತ್ತಿದ್ದರು.
ಸೈರನ್ನು ಕೂಗದಿದ್ದರೆ ಬಂದು ಕೂರುತ್ತಿದ್ದರು.
ಟೋಸ್ಟರು ಗೆದ್ದವನು ಅಷ್ಟು ಹೊತ್ತೂ ನಗುತ್ತಲೇ ಇದ್ದ.

ಅಪ್ಪ ಚಿನ್ನ ಪರೀಕ್ಷೆಯ ಆಫೀಸಿನಲ್ಲಿ ಜವಾನ.
ಕರಗಿಸಿ, ತೂಗಿ, ಬರೆದಿಡುವ ಕೋಣೆಯಲ್ಲಿ
ಲೆಡ್ಜರು ಎತ್ತಿಡುವ ಕೆಲಸ.
ಇಂಗ್ಲಿಷು ಅಷ್ಟಕ್ಕಷ್ಟೇ.
ಸಂಜೆ ಗೇಟಿನಲ್ಲಿ ಜೇಬು, ಬಾಯಿ, ಕೂದಲು,
ಖಾಲಿ ಟಿಫನ್ ಕ್ಯಾರಿಯರಿನ ಮೂರೂ ಡಬ್ಬಿ
ತೆರೆದು ತೋರಿಸಿಯೇ ಮನೆಗೆ.

ಒಂದು ಶನಿವಾರ ಟೈ ಗಂಡಸು ಕೇಳಿದ:
ಎ, ಯು. ಇದು ಯಾವ ಲೋಹದ ಗುರುತು?
ಹಳದಿ ಸ್ವೆಟರಿನ ಹೆಂಗಸು ಕಣ್ಣು ಮುಚ್ಚಿದಳು.
ಹಿಂದಿನ ಗೋಡೆಗೊರಗಿ ಕೂತಿದ್ದ,
ಇನ್ನೊಬ್ಬರ ಮನೆಯಲ್ಲಿ ನೀರೂ ಕೇಳದ
ನನ್ನಪ್ಪ ಪಿಳ್ಳಪ್ಪ
ಎದ್ದು ನಿಂತು ಕೂಗಿದ:
'ಚಿನ್ನ! ಚಿನ್ನ ಕಣಮ್ಮಾ! ಗೋಲ್ಡು!'
ಅವಳಿಗೆ ಕೇಳಿಸಲಿಲ್ಲ.
'ಅಲ್ಯುಮಿನಿಯಂ?' ಅಂದಳು.
ಕೋಣ ಕೆಮ್ಮಿತು.

ಮ್ಯೂರಿಯಲ್ ಆಂಟಿ ಟೇಪು ನಿಲ್ಲಿಸಿ ಒಳಗೆ ಹೋಗಿ
ಲ್ಯಾವೆಂಡರ್ ಸೋಪೊಂದನ್ನು ತಟ್ಟೆಯಲ್ಲಿಟ್ಟು ತಂದರು.
'ಮಿಸ್ಟರ್ ಪಿಳ್ಳಪ್ಪ, ಉರಿಗಾಂ!'
ಎಲ್ಲರೂ ಚಪ್ಪಾಳೆ. ಅಪ್ಪ
ಕೈಯನ್ನು ಪಂಚೆಗೆ ಒರೆಸಿಕೊಂಡು ತೆಗೆದುಕೊಂಡ.
ಆ ಸೋಪಿನಲ್ಲಿ ಯಾರೂ ಸ್ನಾನ ಮಾಡಲಿಲ್ಲ.
ಅಮ್ಮನ ಸೀರೆಗಳ ನಡುವೆ ಇದ್ದು ಇದ್ದು
ಬಿರುಕುಬಿಟ್ಟು, ವಾಸನೆ ಮುಗಿದ ಮೇಲೂ ಇತ್ತು.

ಸೋತವಳಿಗೂ ಏನೋ ಕೊಟ್ಟರು. ಒಂದು ಟೀ ಕೆಟಲ್ಲು.
ಎರಡೂ ಕೈಚಾಚಿ ತೆಗೆದುಕೊಂಡಳು, ಪ್ರಸಾದದ ಹಾಗೆ.
ನಮ್ಮ ಕಡೆ ತಿರುಗಿ, 'ಇದು ನಮ್ಮಮ್ಮನಿಗೆ...' ಅಂದಳು.
ಅಲ್ಲಿಗೆ ಟೇಪು ಖಾಲಿ.
ಮುಂದೆ ಬರೀ ಬೂದಿ, ಸೈನೈಡ್ ದಿಬ್ಬದ ಮಣ್ಣಿನ ಹಾಗೆ
ಕಿರಗುಟ್ಟುವ ಬೂದಿ.

ಅದೇ ಟೇಪನ್ನು ಹನ್ನೊಂದು ಸಲ ನೋಡಿದೆವು.
ಹನ್ನೊಂದು ಸಲವೂ ಅಪ್ಪ ಚಿನ್ನ ಅಂದ,
ಸಲಕ್ಕೊಂದಿಷ್ಟು ಮೆಲ್ಲಗೆ.
ಹನ್ನೊಂದು ಸಲವೂ ಅವಳು ಅಲ್ಯುಮಿನಿಯಂ.
'ಪಾಪ ಬಿಡು,' ಅಂದ ಕೊನೆಗೆ,
'ದಿನಾ ಕೈಯಲ್ಲಿ ಹಿಡಿಯೋದು ಅದೇ ಅಲ್ವಾ.'

ಈಗ ಆಟದಲ್ಲಿ ಕೋಟಿ. ಗೆದ್ದವರು ಅಳುತ್ತಾರೆ.
ಸೋತವರು ಎದ್ದು ಎಲ್ಲಿಗೆ ಹೋಗುತ್ತಾರೋ
ಕ್ಯಾಮೆರಾ ತಿರುಗಿಯೂ ನೋಡುವುದಿಲ್ಲ.
ಗಣಿ ಮುಚ್ಚಿತು. ಸೈರನ್ನು ಇಲ್ಲ. ಪ್ಲೇಯರಿಗೆ ಬೂಷ್ಟು ಹಿಡಿದು
ಮ್ಯೂರಿಯಲ್ ಆಂಟಿ ಅದರ ಮೇಲೆ ಹೂಕುಂಡ ಇಟ್ಟರು.
ಆಮೇಲೆ ಅವರೂ.

ಮೊನ್ನೆ ರಾಬರ್ಟ್‌ಸನ್‌ಪೇಟೆಯ ಪಾತ್ರೆ ಅಂಗಡಿಯಲ್ಲಿ
ಒಂದು ಟೀ ಕೆಟಲ್ಲು ಕಂಡಿತು, ಅಲ್ಯುಮಿನಿಯಮ್ಮಿನದು,
ಮೂತಿ ಸ್ವಲ್ಪ ಸೊಟ್ಟ.
ಇನ್ನೂರ ನಲವತ್ತು ಅಂದ, ಇನ್ನೂರಕ್ಕೆ ಒಪ್ಪಿದ.
ಪೇಪರು ಸುತ್ತುತ್ತಾ ಕೇಳಿದ, 'ಯಾರಿಗಮ್ಮಾ ಇದು?'
'ನಮ್ಮಮ್ಮನಿಗೆ...' ಅಂದೆ.
ಅಷ್ಟರಲ್ಲಿ ಕರೆಂಟು ಹೋಯಿತು.